ರಾಖಿಗಢಿಯ ಹೆಂಗಸು ಮತ್ತು ಡಿಎನ್‌ಎಯ ಮೊದಲ ಪಾಠ

ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂಧೆ ಅವರ ತಂಡ ಹರಿಯಾಣದ ರಾಖಿಗಢಿಯಲ್ಲಿ ಹರಪ್ಪಾ ಕಾಲದ ಸ್ಮಶಾನವೊಂದನ್ನು ಉತ್ಖನನ ಮಾಡಿತು. ಅಲ್ಲಿ ಮಣ್ಣಾಗಿದ್ದ ಒಬ್ಬ ಹೆಂಗಸಿನ ಡಿಎನ್‌ಎಯನ್ನು ವಿಜ್ಞಾನಿಗಳು ಓದಿ, 2019ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವಳು ಬದುಕಿದ್ದು ಸುಮಾರು 4500 ವರ್ಷಗಳ ಹಿಂದೆ. ಅಷ್ಟು ಹಳೆಯ ಮೂಳೆಯಲ್ಲಿ ಓದಲು ಉಳಿದಿದ್ದಾದರೂ ಏನು?

ನಮ್ಮ ಬಹುತೇಕ ಜೀವಕೋಶಗಳ ಕೇಂದ್ರದಲ್ಲಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ವರ್ಣತಂತುವಿನೊಳಗಿರುವುದು ತಿರುಚಿದ ಹಗ್ಗದೇಣಿಯಂಥ ಉದ್ದನೆಯ ಅಣು. ಅದೇ ಡಿಎನ್‌ಎ. ಅದರ ಮೆಟ್ಟಿಲುಗಳು ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಿಂದ ಆದವು. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಈ ನಿಯಮವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಒಂದು ಬದಿ ತಿಳಿದರೆ ಇನ್ನೊಂದು ಬದಿ ತಾನಾಗಿ ತಿಳಿಯುತ್ತದೆ. ಕೋಶ ಎರಡಾಗುವಾಗ ನಕಲು ತಯಾರಾಗುವುದೂ ಹೀಗೆಯೇ. ತಾಯಿಯಿಂದ ಬಂದ ಒಂದು ಪ್ರತಿಯಲ್ಲೇ ಸುಮಾರು 300 ಕೋಟಿ ಅಕ್ಷರಗಳಿರುತ್ತವೆ, ತಂದೆಯದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅವುಗಳಲ್ಲಿ ಪ್ರೋಟೀನು ತಯಾರಿಸುವ ಸೂಚನೆ ಹೊತ್ತ ಭಾಗಗಳನ್ನು ಜೀನ್ ಎನ್ನುತ್ತೇವೆ.

ಬದುಕಿರುವ ಕೋಶ ತನ್ನ ಡಿಎನ್‌ಎಯನ್ನು ಸದಾ ದುರಸ್ತಿ ಮಾಡಿಕೊಳ್ಳುತ್ತಿರುತ್ತದೆ. ಸತ್ತ ಮೇಲೆ ಆ ಕೆಲಸ ನಿಲ್ಲುತ್ತದೆ, ಎಳೆಗಳು ತುಂಡಾಗುತ್ತವೆ. ನಮ್ಮ ನಾಡಿನ ಬಿಸಿಲು, ತೇವ ಎರಡೂ ಅದಕ್ಕೆ ಶತ್ರು. ರಾಖಿಗಢಿಯ 61 ಮಾದರಿಗಳನ್ನು ಪರೀಕ್ಷಿಸಿದರೂ ಓದಲು ಸಾಕಾಗುವಷ್ಟು ಡಿಎನ್‌ಎ ಸಿಕ್ಕಿದ್ದು ಈ ಒಬ್ಬಳಿಂದ ಮಾತ್ರ. ಆ ತಾಳ್ಮೆ ನನಗೆ ಫಲಿತಾಂಶದಷ್ಟೇ ದೊಡ್ಡದೆನಿಸುತ್ತದೆ.

ಒಬ್ಬಳಿಂದ ಇಡೀ ಜನರ ಚರಿತ್ರೆ ತಿಳಿಯುವುದು ಹೇಗೆಂದು ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಾರೆ. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಡಹುಟ್ಟಿದವರು ಒಂದೇ ರೀತಿ ಇರದಿರುವುದಕ್ಕೆ ಇದೊಂದು ಕಾರಣ. ತಲೆಮಾರು ತಲೆಮಾರಿಗೂ ಹೀಗೆ ಬೆರೆಯುವುದರಿಂದ ಒಬ್ಬರ ಡಿಎನ್‌ಎಯಲ್ಲೇ ನೂರಾರು ಪೂರ್ವಜರ ತುಣುಕುಗಳು ಸಿಗುತ್ತವೆ. ಅವನ್ನು ಬೇರೆ ಕಾಲದ, ಬೇರೆ ಊರಿನವರ ತುಣುಕುಗಳ ಜೊತೆ ಹೋಲಿಸಬಹುದು.

ಹಾಗೆ ಹೋಲಿಸಿದಾಗ, ಯುರೇಷಿಯಾದ ಸ್ಟೆಪಿ ಹುಲ್ಲುಗಾವಲಿನ ಪಶುಪಾಲಕರ ವಂಶದ ಗುರುತು ಅವಳಲ್ಲಿ ಕಾಣಲಿಲ್ಲ. ಇಂದಿನ ದಕ್ಷಿಣ ಏಷ್ಯಾದವರಲ್ಲಿ ಅನೇಕರಿಗೆ ಅದು ಇದೆ. ಅವಳಂಥವರ ವಂಶದ ಪಾಲೂ ನಮ್ಮಲ್ಲಿ ದೊಡ್ಡದಾಗಿಯೇ ಇದೆ. ಅಂದರೆ ಆ ಮಿಶ್ರಣದ ಬಹುಪಾಲು ಅವಳ ಕಾಲದ ನಂತರದ್ದು. ಇದರಾಚೆಗೆ, ಅವಳು ಆಡಿದ ಭಾಷೆ ಯಾವುದು, ಪೂಜಿಸಿದ್ದು ಯಾರನ್ನು ಎಂಬುದನ್ನು ಡಿಎನ್‌ಎ ಹೇಳುವುದಿಲ್ಲ. ಅದಕ್ಕೆ ಮಡಕೆ, ಮುದ್ರೆ, ಮನೆಗಳ ಬಳಿಗೇ ಹೋಗಬೇಕು.