ಚಕ್ರದ ಅಗಲ, ಸಾಲಿನ ಅಳತೆ



ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ಎಲ್ಲರೂ ಇಂಜಿನ್ನಿನ ಸದ್ದು ಕೇಳುತ್ತಾರೆ, ಆಕ್ಸಲ್ ನೋಡುವವರು ಕಡಿಮೆ. ಸಾಲುಬೆಳೆಯಲ್ಲಿ ಗಿಡ ಉಳಿಯುವುದು ಅದರಿಂದಲೇ.

ನಾನು ಕಲಬುರಗಿಯ ಐವಾನ್-ಎ-ಶಾಹಿಯಲ್ಲಿದ್ದಾಗ ಕಮಲಾಪುರದ ಕಡೆಯ ತೊಗರಿ ಹೊಲಗಳಲ್ಲಿ ಎಡೆಕುಂಟೆ ಹೊಡೆಯುವುದನ್ನು ನೋಡುತ್ತಿದ್ದೆ. ಎತ್ತುಗಳು ಸಾಲುಗಳ ನಡುವೆಯೇ ನಡೆಯುವಂತೆ ನೊಗದ ಉದ್ದವಿರುತ್ತಿತ್ತು. ಟ್ರ್ಯಾಕ್ಟರಿಗೂ ಇದೇ ನ್ಯಾಯ.

1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗುಸನ್ ಟಿ.ಇ. 20ರ ಹಿಂದಿನ ಚಕ್ರಗಳ ನಡುವಿನ ಅಂತರವನ್ನು 48ರಿಂದ 76 ಅಂಗುಲದವರೆಗೆ, 4 ಅಂಗುಲಕ್ಕೊಮ್ಮೆ ಬದಲಿಸಬಹುದು. ಹಿಂದೆ ಚಕ್ರದ ತಟ್ಟೆ ಮತ್ತು ರಿಮ್ಮನ್ನು ತಿರುಗಿಸಿ ಜೋಡಿಸಬೇಕು. ಮುಂದೆ ಆಕ್ಸಲಿನ ತೋಳನ್ನು ಸರಿಸಿ ಬೇರೆ ತೂತಿಗೆ ಬೋಲ್ಟ್ ಹಾಕಬೇಕು.

ಲೆಕ್ಕ ನೋಡಿ. 3 ಅಡಿ ಸಾಲಿನ ತೊಗರಿಗೆ ಅಂತರ 72 ಅಂಗುಲವಿದ್ದರೆ, ಎರಡು ಸಾಲು ಟ್ರ್ಯಾಕ್ಟರಿನ ಅಡಿಗೆ ಬಂದು ಚಕ್ರಗಳು ಎಡೆಯ ನಟ್ಟನಡುವೆ ಹೋಗುತ್ತವೆ. 48ರಲ್ಲೇ ಬಿಟ್ಟರೆ ಟೈರಿನ ನಡುಭಾಗ ಸಾಲಿನಿಂದ 6 ಅಂಗುಲ ಮಾತ್ರ ದೂರ. 11 ಅಂಗುಲದ ಟೈರು ಗಿಡದ ಬುಡವನ್ನೇ ಸವರುತ್ತದೆ.

9 ಅಡಿ ಅಂತರದ ಅಡಿಕೆ ತೋಟದಲ್ಲಿ 48 ಅಂಗುಲವೇ ಅನುಕೂಲ. ಆದರೆ ಅಗಲ ಕಡಿಮೆಯಾದಷ್ಟೂ ಇಳಿಜಾರಿನಲ್ಲಿ ಮಗುಚುವ ಭಯ ಹೆಚ್ಚು. ಕಾಫಿ ತೋಟದ ಓರೆಯಲ್ಲಿ ಅಡ್ಡಲಾಗಿ ಓಡಿಸಬೇಡಿ, ಜೀವಕ್ಕೇ ಅಪಾಯ.

ಬದಲಿಸುವ ಮುನ್ನ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಜಾಕನ್ನೊಂದೇ ನಂಬದೆ ಮರದ ದಿಮ್ಮಿ ಕೊಡಿ. ಎರಡೂ ಬದಿ ಸಮವಾಗಿರಲಿ, ಟೈರಿನ ಬಾಣದ ಗುರುತು ಮುಂದಕ್ಕೇ ತಿರುಗಲಿ. ಮೊದಲ ದಿನದ ಕೆಲಸ ಮುಗಿದೊಡನೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ.