ಸಿಲಿಂಡರ್ ನಾಲ್ಕೋ, ಆರೋ? ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಯೋಚಿಸಬೇಕಾದ ವಿಷಯಗಳು

ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಸದಸ್ಯ ಬಾಂಧವರು ಟ್ರ್ಯಾಕ್ಟರ್ ಸಾಲದ ವಿಚಾರಕ್ಕೆ ಬಂದಾಗ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಷ್ಟು ಸಿಲಿಂಡರಿಂದು ತಗೊಂಡ್ರ ಛಲೋ?" ನೆರೆಯವರ ಬಳಿ ಮೂರಿದ್ದರೆ ತಮಗೆ ನಾಲ್ಕು ಬೇಕೆನಿಸುತ್ತದೆ. ಸುಗ್ಗಿಗೆ ಹೊರಗಿನಿಂದ ಬರುವ ದೊಡ್ಡ ಕೊಯ್ಲು ಯಂತ್ರಗಳಲ್ಲಿ ಆರು ಸಿಲಿಂಡರಿನ ಎಂಜಿನ್ ಕಂಡವರಿಗೆ ಆರೇ ಮೇಲೆನಿಸುತ್ತದೆ. ಆದರೆ ಅಡಿಕೆಯ ಧಾರಣೆ ಇಳಿದ ವರ್ಷವೂ ಸಾಲದ ಕಂತು ಇಳಿಯುವುದಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ಅವಶ್ಯ.

ಸಿಲಿಂಡರ್ ಹೆಚ್ಚಿದರೆ ಆಗುವ ಲಾಭ

ಡೀಸೆಲ್ ಎಂಜಿನಿನ ಪ್ರತಿ ಸಿಲಿಂಡರಿನಲ್ಲಿ ನಾಲ್ಕು ಹೊಡೆತಗಳು: ಗಾಳಿ ಹೀರುವುದು, ಅದನ್ನು ಒತ್ತುವುದು, ಇಂಧನ ಉರಿದು ಪಿಸ್ಟನನ್ನು ನೂಕುವುದು, ಹೊಗೆಯನ್ನು ಹೊರಹಾಕುವುದು. ಇಷ್ಟಾಗಲು ಕ್ರ್ಯಾಂಕ್ ದಂಡ ಎರಡು ಸುತ್ತು, ಅಂದರೆ ೭೨೦ ಡಿಗ್ರಿ ತಿರುಗಬೇಕು. ಇವುಗಳಲ್ಲಿ ಶಕ್ತಿ ಕೊಡುವ ಹೊಡೆತ ಒಂದೇ. ಮೂರು ಸಿಲಿಂಡರ್ ಇದ್ದರೆ ಪ್ರತಿ ೨೪೦ ಡಿಗ್ರಿಗೆ, ನಾಲ್ಕಿದ್ದರೆ ೧೮೦ಕ್ಕೆ, ಆರಿದ್ದರೆ ೧೨೦ಕ್ಕೆ ಒಮ್ಮೆ ನೂಕು ಸಿಗುತ್ತದೆ. ಆರರಲ್ಲಿ ಒಂದು ನೂಕು ಮುಗಿಯುವ ಮೊದಲೇ ಇನ್ನೊಂದು ಬಂದು ಸೇರುತ್ತದೆ. ಮೂರರಲ್ಲಿ ನಡುವೆ ಬೀಳುವ ತೆರಪನ್ನು ಭಾರವಾದ ಫ್ಲೈವೀಲ್ ತನ್ನ ಓಟದಿಂದ ತುಂಬಿಕೊಡುತ್ತದೆ. ಆರು ಸಿಲಿಂಡರಿನ ನಿಜವಾದ ಲಾಭ ಇದು: ನಡುಕ ಕಡಿಮೆ, ಎಳೆತ ಒಂದೇ ಸಮ. ವಿಶಾಲ ಬಯಲಿನಲ್ಲಿ ದಿನವಿಡೀ ಭಾರದ ನೇಗಿಲು ಎಳೆಯುವವರಿಗೆ ಇದು ಬೆಲೆಯುಳ್ಳ ಗುಣ.

ಶಕ್ತಿಯ ಲೆಕ್ಕ ಬೇರೆ

ಸಿಲಿಂಡರ್ ಹೆಚ್ಚಿದಷ್ಟೂ ಶಕ್ತಿ ಹೆಚ್ಚೆಂಬ ನಂಬಿಕೆಗೆ ಹಿಂದೆ ಕಾರಣವಿತ್ತು. ಎಚ್.ಎಂ.ಟಿ. ಸಂಸ್ಥೆ ೧೯೭೧ರಲ್ಲಿ ಝೆಟಾರ್ ಸಹಯೋಗದಿಂದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. ಅದರ ೨೫೧೧ ಮಾದರಿಗೆ ಎರಡು ಸಿಲಿಂಡರ್, ೨೫ ಅಶ್ವಶಕ್ತಿ. ೩೫೧೧ಕ್ಕೆ ಮೂರು ಸಿಲಿಂಡರ್, ೩೫ ಅಶ್ವಶಕ್ತಿ. ಅಂಥ ಕಾಲದಲ್ಲಿ ಸಿಲಿಂಡರ್ ಎಣಿಸಿದರೆ ಶಕ್ತಿಯ ಅಂದಾಜು ಸಿಗುತ್ತಿತ್ತು.

ಇಂದು ಆ ಲೆಕ್ಕ ನಡೆಯದು. ಸಿಲಿಂಡರುಗಳ ಒಟ್ಟು ಗಾತ್ರ, ಸುತ್ತಿನ ವೇಗ, ಒಳಹೋಗುವ ಗಾಳಿ ಮತ್ತು ಇಂಧನ ಇವು ಶಕ್ತಿಯನ್ನು ನಿರ್ಧರಿಸುತ್ತವೆ. ಜಾನ್ ಡೀರ್ ೫೦೫೦ ಡಿ ಮೂರೇ ಸಿಲಿಂಡರಿನದು, ೫೦ ಅಶ್ವಶಕ್ತಿ. ನಮ್ಮ ಊರುಗಳಲ್ಲಿ ಪರಿಚಿತವಾದ ಮಹೀಂದ್ರ ೫೭೫ ಡಿ.ಐ. ನಾಲ್ಕು ಸಿಲಿಂಡರಿನದಾದರೂ ೪೫ರ ಆಸುಪಾಸಿನದು. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ೧೦೦ ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳೂ ಈಗ ನಾಲ್ಕೇ ಸಿಲಿಂಡರಿನಲ್ಲಿ ಬರುತ್ತವೆ.

ಖರ್ಚಿನ ಬದಿ

ಆರು ಸಿಲಿಂಡರ್ ಎಂದರೆ ಆರು ಪಿಸ್ಟನ್, ಆರು ಲೈನರ್, ಆರು ಇಂಜೆಕ್ಟರ್, ಕನಿಷ್ಠ ಹನ್ನೆರಡು ವಾಲ್ವು. ಎಂಜಿನ್ ಬಿಚ್ಚುವ ದಿನ ಈ ಸಾಮಾನುಗಳ ಪಟ್ಟಿ ನಾಲ್ಕರದಕ್ಕಿಂತ ಒಂದೂವರೆ ಪಟ್ಟು. ಎಂಜಿನ್ ಉದ್ದವಾದರೆ ಗಾಡಿಯೂ ಉದ್ದ, ತೂಕವೂ ಹೆಚ್ಚು, ಬದುವಿನ ಬಳಿ ತಿರುಗಲು ಜಾಗವೂ ಹೆಚ್ಚು ಬೇಕು. ೨೦೧೫-೧೬ರ ಕೃಷಿ ಗಣತಿಯಂತೆ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ ೧.೩೬ ಹೆಕ್ಟೇರ್, ಅಂದರೆ ಸುಮಾರು ಮೂರು ಎಕರೆ ಹದಿನಾಲ್ಕು ಗುಂಟೆ. ಇಂಥ ಹೊಲದಲ್ಲಿ ದೊಡ್ಡ ಎಂಜಿನ್ ಹಗುರ ಕೆಲಸಕ್ಕೆ ನಿಂತರೆ ಮಾಡಿದ ಕೆಲಸಕ್ಕಿಂತ ಕುಡಿದ ಡೀಸೆಲ್ ಹೆಚ್ಚಾಗುತ್ತದೆ.

ನಮ್ಮ ನೆಲಕ್ಕೆ ಯಾವುದು?

ಅಡಿಕೆ ತೋಟದಲ್ಲಿ ಮೊದಲು ನೋಡಬೇಕಾದದ್ದು ಅಗಲ. ಶಿಫಾರಸಿನ ಅಂತರ ೨.೭ ಮೀಟರ್. ಮರಗಳ ದಪ್ಪ ಕಳೆದರೆ ಎರಡೂವರೆ ಮೀಟರಿನಷ್ಟು ಉಳಿಯುತ್ತದೆ. ೧.೮ ಮೀಟರ್ ಅಗಲದ ಟ್ರ್ಯಾಕ್ಟರ್ ಹೊಕ್ಕರೆ ಪಕ್ಕಕ್ಕೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಮಾತ್ರ ತೆರಪು. ನಡುವೆ ಬಾಳೆ ಇದ್ದರೆ ಅದೂ ಇಲ್ಲ. ಅಡಿಕೆಯ ಬೇರು ಮೇಲ್ಪದರದಲ್ಲೇ ಹರಡುವುದರಿಂದ ಬುಡಕ್ಕೆ ಒತ್ತಿ ರೋಟವೇಟರ್ ಹೊಡೆದರೆ ಬೇರಿಗೆ ಪೆಟ್ಟು. ಇಲ್ಲಿಗೆ ಒಂದು ಮೀಟರಿನ ಆಸುಪಾಸಿನ ಅಗಲದ, ೧೫ರಿಂದ ೨೫ ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರೇ ಸರಿ.

ಗೋವಿನಜೋಳ, ಹತ್ತಿ, ಶೇಂಗಾ ಬೆಳೆಯುವ ಮಸಾರಿ ಹೊಲಗಳಿಗೆ ಹಾಗೂ ಟ್ರೇಲರ್ ಎಳೆಯಲು ೪೦ರಿಂದ ೫೦ ಅಶ್ವಶಕ್ತಿ ಸಾಕು. ಸಿಲಿಂಡರ್ ಮೂರಾದರೂ ಸರಿ, ನಾಲ್ಕಾದರೂ ಸರಿ. ಎರೆಭೂಮಿಯಲ್ಲಿ ಹಸಿ ಇರುವಾಗ, ಭತ್ತದ ಕೆಸರುಗದ್ದೆಯಲ್ಲಿ, ಭಾರದ ಯಂತ್ರ ಮಣ್ಣನ್ನು ಅದುಮಿ ಗಟ್ಟಿ ಮಾಡುತ್ತದೆ. ಕೆಲವು ವರ್ಷಕ್ಕೊಮ್ಮೆ ಬೇಕಾಗುವ ಆಳದ ಉಳುಮೆಗೆ ದೊಡ್ಡ ಯಂತ್ರವನ್ನು ಬಾಡಿಗೆಗೆ ತರುವುದೇ ಲೇಸು.

ಇನ್ನೊಂದು ಮಾತು. ೫೦ ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ೨೦೨೩ರ ಜನವರಿಯಿಂದ ಹೊಗೆಯ ನಿಯಮ ಬಿಗಿಯಾಗಿದೆ. ಅವುಗಳ ಇಂಧನ ವ್ಯವಸ್ಥೆ ವಿದ್ಯುನ್ಮಾನದ್ದು. ಊರಿನ ಮಿಸ್ತ್ರಿಯ ಪಾನಾಕ್ಕೆ ಸುಲಭವಾಗಿ ಬಗ್ಗದು.

ಅರ್ಜಿಗೆ ಮುನ್ನ ಮಾಡಬೇಕಾದ ಕೆಲಸ

೧. ವರ್ಷದಲ್ಲಿ ಯಾವ ಕೆಲಸಕ್ಕೆ ಎಷ್ಟು ತಾಸು ಬೇಕೆಂದು ಬರೆಯಿರಿ.

೨. ಮರಗಳ ಸಾಲು, ತೋಟದ ಬಾಗಿಲು, ಕಾಲುವೆಯ ಸೇತುವೆ ಇವುಗಳನ್ನು ಟೇಪಿನಿಂದ ಅಳೆಯಿರಿ.

೩. ಉಪಕರಣ ಯಾವುದೆಂದು ಮೊದಲು ನಿರ್ಧರಿಸಿ, ಅದಕ್ಕೆ ಬೇಕಾದ ಪಿ.ಟಿ.ಓ. ಅಶ್ವಶಕ್ತಿಯನ್ನು ಕೇಳಿ. ಎಂಜಿನಿನ ಅಶ್ವಶಕ್ತಿಗಿಂತ ಅದು ಕಡಿಮೆ ಇರುತ್ತದೆ.

೪. ಪರೀಕ್ಷೆ ರಸ್ತೆಯಲ್ಲಿ ಬೇಡ. ನಿಮ್ಮ ಹೊಲದಲ್ಲಿ, ನಿಮ್ಮ ಉಪಕರಣ ಕಟ್ಟಿ ನೋಡಿ.

೫. ಬಿಡಿಭಾಗ ಮತ್ತು ಮಿಸ್ತ್ರಿ ಎಷ್ಟು ದೂರದಲ್ಲಿದ್ದಾರೆಂದು ವಿಚಾರಿಸಿ.

೬. ತಾಸುಗಳು ಕಡಿಮೆ ಬಂದರೆ ಕೊಳ್ಳುವ ಯೋಚನೆ ಬಿಟ್ಟು, ೨೦೧೪-೧೫ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರದಲ್ಲಿ ದರ ಕೇಳಿ. ಇಲ್ಲವೇ ನಾಲ್ಕಾರು ಮಂದಿ ಕೂಡಿ ಒಂದನ್ನು ಕೊಳ್ಳಿ.

ಈ ಪಟ್ಟಿ ತುಂಬಿದ ಮೇಲೆ ನಾಲ್ಕೋ ಆರೋ ಎಂಬ ಪ್ರಶ್ನೆ ಬಹುಮಟ್ಟಿಗೆ ಉಳಿಯುವುದಿಲ್ಲ. ಸದಸ್ಯರು ಸಾಲದ ಅರ್ಜಿಯ ಜೊತೆಗೆ ಈ ಪಟ್ಟಿಯನ್ನೂ ತಂದರೆ, ಕುಳಿತು ಲೆಕ್ಕ ಹಾಕಲು ನಾವು ಸಿದ್ಧರಿದ್ದೇವೆ.