ಹಳೆಯ ಪಿಕಪ್ ಗಾಡಿಯ ಜೀರ್ಣೋದ್ಧಾರ: ಡ್ಯಾಶ್‌ಬೋರ್ಡು ಮತ್ತು ಒಳಭಾಗ

ಜೀರ್ಣೋದ್ಧಾರವೆಂದೊಡನೆ ನಮಗೆ ಗುಡಿ ಗೋಪುರಗಳೇ ನೆನಪಾಗುತ್ತವೆ. ಆ ಮಾತು ಯಂತ್ರಕ್ಕೂ ಸಲ್ಲತಕ್ಕದ್ದು. 1947ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿದರು. ಅದೇ ಮನೆತನದ ಗಾಡಿಗೆ ಹಿಂದೆ ಸಾಮಾನು ಹೇರುವ ತೊಟ್ಟಿ ಕೂಡಿದರೆ ಪಿಕಪ್ ಆಯಿತು. ಧರ್ಮಸ್ಥಳದ ಹಳೆಯ ವಾಹನಗಳ ಸಂಗ್ರಹವನ್ನು ನೋಡಿದವರು ಹೊರಗಿನ ಹೊಳಪಿಗೆ ಮರುಳಾಗುವುದು ಸಹಜ. ಆದರೆ ಗಾಡಿಯ ನಿಜವಾದ ವಯಸ್ಸು ತಿಳಿಯುವುದು ಚಾಲಕನ ಮುಂದಿರುವ ಡ್ಯಾಶ್‌ಬೋರ್ಡಿನಲ್ಲಿ.

ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಇದು ಬರಿಯ ಎಚ್ಚರಿಕೆಯ ಮಾತಲ್ಲ. ಹಳೆಯ ಗಾಡಿಗಳಲ್ಲಿ ಸ್ಟಾರ್ಟರಿನದನ್ನು ಬಿಟ್ಟರೆ ಬ್ಯಾಟರಿಗೆ ಹೋಗಿ ಬರುವ ವಿದ್ಯುತ್ತು ಸಾಮಾನ್ಯವಾಗಿ ಅಮ್ಮೀಟರಿನ ಮೂಲಕವೇ ಹರಿಯುತ್ತದೆ. ಕೀಲಿ ತೆಗೆದರೂ ಅದರ ಹಿಂಬದಿಯ ತಿರುಪುಗಳಲ್ಲಿ ವಿದ್ಯುತ್ತು ಜೀವಂತವಾಗಿರುತ್ತದೆ. ಆ ಕಾಲದ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿನೂಲಿನ ಹೆಣಿಗೆ. ರಬ್ಬರು ಒಣಗಿ ಬಿರಿದಲ್ಲಿ ತಾಮ್ರವು ತಗಡಿಗೆ ತಾಗಿ ಗಾಡಿಯೇ ಹೊತ್ತಿಕೊಳ್ಳಬಹುದು. ಆದಕಾರಣ ಹಳೆಯ ತಂತಿಗಳನ್ನು ಉಳಿಸುವ ಮೋಹ ಬೇಡ. ಆದರೆ ಒಂದೊಂದಕ್ಕೂ ಚೀಟಿ ಕಟ್ಟದೆ ಬಿಚ್ಚಲೂ ಬಾರದು. ರಬಕವಿ-ಬನಹಟ್ಟಿಯ ನೇಕಾರರು ಮುಗಿದ ಹಾಸಿನ ತುದಿಗೆ ಹೊಸ ಹಾಸನ್ನು ಎಳೆಗೆ ಎಳೆಯಾಗಿ ಕೂಡಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನೇಕ ಅಮೇರಿಕನ್ ಗಾಡಿಗಳು 1955ರ ಸುಮಾರಿನವರೆಗೆ 6 ವೋಲ್ಟಿನವು. ಅದನ್ನು 12ಕ್ಕೆ ಏರಿಸುವ ರೂಢಿ ಬಹಳ. 30 ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ 5 ಆಂಪಿಯರು ಬೇಕು, 12ರಲ್ಲಿ ಎರಡೂವರೆ ಸಾಕು. ಲೆಕ್ಕವೇನೋ ಅನುಕೂಲವೇ, ಆದರೆ ದೀಪಗಳನ್ನು ಬದಲಿಸದೆ, ಮೀಟರುಗಳಿಗೆ ವೋಲ್ಟು ತಗ್ಗಿಸುವ ಏರ್ಪಾಡು ಮಾಡದೆ ಏರಿಸಿದರೆ ಅವು ಸುಟ್ಟುಹೋಗುತ್ತವೆ.

ಪೆಟ್ರೋಲಿನ ಮುಳ್ಳು ಏಳದಿದ್ದರೆ ಕೂಡಲೇ ಹೊಸ ಮೀಟರು ಕೊಳ್ಳಬೇಡಿ. ಟಾಕಿಗೂ ಚಾಸಿಗೂ ನಡುವೆ ತುಕ್ಕು ಹಿಡಿದು ಸರ್ಕೀಟು ಕಡಿದಿರುವುದೇ ಹೆಚ್ಚು. ಮೀಟರಿನ ಅಂಕಿಗಳನ್ನು ಸ್ಪಿರಿಟಿನಿಂದ ಒರೆಸಿದರೆ ಅಂಕಿಗಳೇ ಅಳಿದಾವು. ಇನ್ನೊಂದು ಮಾತು: ಎರಡನೆಯ ಮಹಾಯುದ್ಧದ ಕಾಲದ ಕೆಲವು ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣಕ್ಕೆ ರೇಡಿಯಂ ಬೆರೆಸುತ್ತಿದ್ದರು. ಹೊಳಪು ಆರಿದರೂ ರೇಡಿಯಂ ಆರದು. ಅಂಥದನ್ನು ಬಿಚ್ಚಲೂ ಬೇಡಿ, ಕೆರೆಯಲೂ ಬೇಡಿ.

ರೇಡಿಯೋ ಕೂಡಿಸಲೆಂದು ಯಾರೋ ಕೊರೆದ ತೂತಿಗೆ ಲಾಂಬಿ ಮೆತ್ತುವುದು ಸೋಮಾರಿಯ ಕೆಲಸ. ತಗಡಿನ ತುಂಡನ್ನು ಬೆಸೆದು, ಉಜ್ಜಿ ಸಮಮಾಡಬೇಕು. ಬಣ್ಣವನ್ನು ಹೊಂದಿಸಲು ಮೀಟರಿನ ಅಂಚಿನ ಕೆಳಗೆ ನೋಡಿರಿ: ಬಿಸಿಲು ಕಾಣದ ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. 2021ರಲ್ಲಿ ಭಾರತ ಸರ್ಕಾರವು ಪ್ರಾಚೀನ ವಾಹನಗಳಿಗಾಗಿ ಮಾಡಿದ ನಿಯಮಗಳೂ 50 ವರ್ಷ ಮೀರಿದ ವಯಸ್ಸಿನೊಡನೆ ಮೂಲರೂಪವನ್ನೇ ಕೇಳುತ್ತವೆ.

ಆಸನದ ಕೆಲಸ ಸುಲಭ. ಹಳೆಯ ರೆಕ್ಸಿನನ್ನು ಹರಿಯದೆ ಹೊಲಿಗೆ ಬಿಚ್ಚಿದರೆ ಅದೇ ಹೊಸದಕ್ಕೆ ಅಳತೆ. ಸ್ಪ್ರಿಂಗಿನ ಮೇಲೆ ಗೋಣಿತಟ್ಟು, ಅದರ ಮೇಲೆ ತೆಂಗಿನ ನಾರು, ಆಮೇಲೆ ಅರಳೆ. ಗೋಣಿಯನ್ನು ಬಿಟ್ಟರೆ ಸ್ಪ್ರಿಂಗು ನಾರನ್ನು ಕೊರೆದು ಮೇಲೆ ಬರುತ್ತದೆ. ಕೆಳಗಿನ ತಗಡು ಪೂರ್ತಿ ಒಣಗುವತನಕ ಮ್ಯಾಟು ಹಾಸಬಾರದು.